ಹಾಸುಬಂಡೆ ಪಕ್ಕದ ಗಿಡ್ಡ ಓಕ್

ನಮ್ಮ ಕಡೆ ಓಕ್ ಅಂದರೆ ಓಕ್ ಅಲ್ಲ. ನಿಜವಾದ ಓಕ್ ಮರವನ್ನು ನಾನು ಫೋಟೊದಲ್ಲಿ ಮಾತ್ರ ನೋಡಿದ್ದೇನೆ. ಹೊಸಕೋಟೆಯಿಂದ ಜಡಿಗೇನಹಳ್ಳಿ ಕಡೆ ಹೋಗುವಾಗ ಹೊಲದ ಬದುಗಳ ಮೇಲೆ ಪೊಲೀಸರ ಪರೇಡಿನ ಹಾಗೆ ಸಾಲುಗಟ್ಟಿ ನಿಂತಿರುವುದು ಸಿಲ್ವರ್ ಓಕ್. ಅದಕ್ಕೂ ಓಕಿಗೂ ಯಾವ ನೆಂಟಸ್ತನವೂ ಇಲ್ಲವಂತೆ. ಎಲೆ ಮೇಲೆ ಹಸಿರು, ಕೆಳಗೆ ಬೆಳ್ಳಿ. ಗಾಳಿ ಬೀಸಿದರೆ ಎಲೆಗಳೆಲ್ಲ ಮಗುಚಿಕೊಂಡು ಇಡೀ ಮರ ಬೆಳ್ಳಗಾಗುತ್ತದೆ. ರೈತರು ‘ಸಿಲ್ವರ್’ ಅನ್ನುತ್ತಾರೆ. ನರ್ಸರಿಯವರು ಬೆಂಗಳೂರಿನ ಗಿರಾಕಿ ಬಂದಾಗ ಮಾತ್ರ ‘ಓಕ್’ ಅನ್ನುತ್ತಾರೆ. ನಾನು ನರ್ಸರಿಯವನು.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಅನುಮಾನದ ಮನುಷ್ಯ. ಬೀಗ ಹಾಕಿ ಎಳೆದು ನೋಡುತ್ತೇನೆ, ಗೇಟಿನವರೆಗೆ ಹೋಗಿ ವಾಪಸ್ಸು ಬಂದು ಮತ್ತೆ ಎಳೆಯುತ್ತೇನೆ. ದೇವಸ್ಥಾನಕ್ಕೆ ಹೋದರೆ ಎಡಗಾಲಿನ ಚಪ್ಪಲಿಯನ್ನು ಒಂದು ಮೂಲೆಯಲ್ಲಿ, ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲಿ ಬಿಡುತ್ತೇನೆ. ಜೋಡಿ ಸಿಗದಿದ್ದರೆ ಕಳ್ಳ ಮುಟ್ಟುವುದಿಲ್ಲ ಎಂಬುದು ಲೆಕ್ಕ. ಒಮ್ಮೆ ಬಲಗಾಲಿನದನ್ನು ಎಲ್ಲಿ ಬಿಟ್ಟೆನೆಂದು ನನಗೇ ಮರೆತುಹೋಗಿ, ಒಂದೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತಿದ್ದೇನೆ. ನನ್ನ ಹೆಂಡತಿ ಆ ದಿನ ಕಂಬದ ಹಿಂದೆ ನಿಂತು, ನಾನು ಯಾರೋ ಬೇರೆಯವರ ಗಂಡ ಎಂಬಂತೆ ನೋಡುತ್ತಿದ್ದಳು.

ಇಂಥವನ ಹೊಲದಲ್ಲಿ ಆ ಮರ ಹುಟ್ಟಿತು.

ನಮ್ಮ ಹೊಲದ ಕೊನೆಯಲ್ಲಿ ಒಂದು ದೊಡ್ಡ ಹಾಸುಬಂಡೆಯಿದೆ. ಅಪ್ಪ ಮತ್ತು ದೊಡ್ಡಪ್ಪ ಭಾಗವಾದಾಗ ಹೊಲ ಎರಡಾಯಿತು, ಬಂಡೆ ಮಾತ್ರ ಜಂಟಿಯಾಗಿ ಉಳಿಯಿತು. ಅದನ್ನು ಬಳಸುತ್ತಿದ್ದವಳು ದೊಡ್ಡಮ್ಮ ಒಬ್ಬಳೇ. ಅವಳ ಮನೆ ಬಂಡೆಯ ಆಚೆ. ಮಗ, ಸೊಸೆ, ಹಸುಗಳು ಎಲ್ಲ ಇರುವ ಗಲಾಟೆಯ ಮನೆ. ಸಂಡಿಗೆ, ಹುಣಸೆಹಣ್ಣು, ಮೆಣಸಿನಕಾಯಿ, ಅವರೆಕಾಳು, ಹೀಗೆ ಯಾವ ಕಾಲಕ್ಕೆ ಯಾವುದೋ ಅದು ಬಂಡೆಯ ಮೇಲೆ ಒಣಗುತ್ತಿರುತ್ತದೆ, ದೊಡ್ಡಮ್ಮ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ದೋಟಿ ಹಿಡಿದು ಕಾಗೆ ಓಡಿಸುತ್ತಿರುತ್ತಾಳೆ. ನರ್ಸರಿ ಶುರು ಮಾಡಿದ ಹೊಸದರಲ್ಲಿ, ಮಾರಾಟವಾಗದೆ ಉಳಿದ ಸಿಲ್ವರ್ ಸಸಿಗಳನ್ನು ನಾನು ಬದುವಿನುದ್ದಕ್ಕೂ ನೆಟ್ಟಿದ್ದೆ. ಅವೆಲ್ಲ ಕರೆಂಟು ಕಂಬವನ್ನು ದಾಟಿ ಬೆಳೆದವು. ಕೊನೆಯದೊಂದು, ಬಂಡೆಯ ಪಕ್ಕದ್ದು, ಬೆಳೆಯಲೇ ಇಲ್ಲ. ಬೆಳೆಯಲಿಲ್ಲ ಎಂದರೆ ಸೊರಗಲಿಲ್ಲ. ಎರಡಾಳು ಎತ್ತರಕ್ಕೆ ನಿಂತು, ಅಲ್ಲಿಂದ ಅಗಲಕ್ಕೆ ಹರಡಿ, ಬಿಚ್ಚಿದ ಕೊಡೆಯ ಹಾಗೆ ಗುಂಡಗೆ, ದಟ್ಟವಾಗಿ ಕೂತಿತು. ಒಂದೊಂದು ರೆಂಬೆಯ ತುದಿಯಲ್ಲೂ ನಾಲ್ಕೈದು ಕವಲು. ಗಾಳಿ ಬಂದರೆ ಕೊಡೆಯೇ ಬೆಳ್ಳಿಯದಾಗುತ್ತಿತ್ತು.

ಅದನ್ನು ನಾನು ನಿಜವಾಗಿ ನೋಡಿದ್ದು ಒಬ್ಬ ಗಿರಾಕಿಯಿಂದ. ದೇವನಹಳ್ಳಿ ಕಡೆ ಏಳುತ್ತಿರುವ ವಿಲ್ಲಾಗಳಿಗೆ ತೋಟ ಮಾಡಿಕೊಡುವ ಒಬ್ಬರು ನನ್ನಲ್ಲಿ ಪಾಮ್ ಗಿಡ ಕೊಳ್ಳುತ್ತಿದ್ದರು. ನಾನು ಅವರನ್ನು ‘ಸರ್’ ಅನ್ನುತ್ತಿದ್ದೆ, ಅವರು ನನ್ನನ್ನು ‘ಬಾಸ್’ ಅನ್ನುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಒಂದು ದಿನ ಕಾರಿನಿಂದ ಇಳಿದವರು ಪಾಮಿನ ಕಡೆ ನೋಡದೆ ಬದುವಿನ ಕಡೆ ನೋಡಿದರು.

“ಬಾಸ್, ಅದೇನು ಗಿಡ?”

“ಸಿಲ್ವರ್ ಓಕ್ ಸರ್.”

“ತಮಾಷೆ ಮಾಡ್ಬೇಡಿ. ಸಿಲ್ವರ್ ಓಕ್ ಹಿಂಗಿರತ್ತಾ?”

ಹತ್ತಿರ ಹೋಗಿ ಎಲೆ ಮಗುಚಿ ನೋಡಿದರು. ಸುತ್ತ ಒಂದು ಸುತ್ತು ಬಂದರು. ಆಮೇಲೆ, ಬೇರೆ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಹೇಳಿದರು: “ಸಿಲ್ವರ್ ಓಕ್ ಎಲೆ ಎಲ್ರಿಗೂ ಇಷ್ಟ. ಆದ್ರೆ ಯಾವ ಲೇಔಟಿನವ್ರೂ ಹಾಕ್ಸಲ್ಲ. ಸಿಕ್ಕಾಪಟ್ಟೆ ಎತ್ತರ ಹೋಗತ್ತೆ, ಗಾಳಿಗೆ ಕೊಂಬೆ ಮುರ್ದು ಕಾರ್ ಮೇಲೆ ಬೀಳತ್ತೆ. ಇದು ಗಿಡ್ಡಗೇ ಇರೋ ಹಂಗಿದ್ರೆ ನಂಗೆ ಬೇಕು. ಎಷ್ಟಾದ್ರೂ ಬೇಕು. ಬೇರೆ ಯಾರಿಗೂ ತೋರಿಸ್ಬೇಡಿ.”

ಅವರು ಹೋದ ಮೇಲೆ ಬಂಡೆಯ ಮೇಲೆ ಕೂತೆ. ಇಷ್ಟು ವರ್ಷ ನಾನು ಮಾರಿದ್ದೆಲ್ಲ ಬೇರೆ ಯಾರೋ ಹುಟ್ಟಿಸಿದ ಗಿಡ. ಮಾವಿನ ತಳಿ ಯಾರದೋ, ಕ್ರೋಟನ್ ಯಾರದೋ, ದಾಸವಾಳದ ಬಣ್ಣ ಇನ್ಯಾರದೋ. ಇದೊಂದು ನನ್ನ ಬದುವಿನ ಮೇಲೆ, ನನ್ನ ಸಸಿಯಲ್ಲಿ ಬಂದ ಹೊಸ ಗುಣ. ಯಾರದೋ ಗೇಟಿನ ಪಕ್ಕ ಆ ಬೆಳ್ಳಿ ಕೊಡೆ ನಿಂತಿರುತ್ತದೆ, ಇದು ಜಡಿಗೇನಹಳ್ಳಿ ಕಡೆಯ ನರ್ಸರಿಯವನೊಬ್ಬ ಮಾಡಿದ ತಳಿಯಂತೆ ಎಂದು ಯಾರೋ ಹೇಳುತ್ತಾರೆ. ನನಗೆ ಅಷ್ಟು ಸಾಕಿತ್ತು. ಆ ಯೋಚನೆ ಮುಗಿಯುವ ಮೊದಲೇ ಇನ್ನೊಂದು ಬಂತು: ಆತ ಎಲೆ ಮಗುಚಿ ನೋಡಿದಾಗ ಕಡ್ಡಿಯೇನಾದರೂ ಮುರಿದು ಜೇಬಿಗೆ ಹಾಕಿಕೊಂಡರೇ?

ತೋಟಗಾರಿಕೆ ಓದಿದ ಹಳೆಯ ಗೆಳೆಯನಿಗೆ ಫೋನ್ ಮಾಡಿದೆ.

“ಒಂದ್ ಮರ ಗಿಡ್ಡಗಿದ್ರೆ ತಳಿ ಆಗಲ್ಲ ಕಣೋ,” ಎಂದ. “ಅದರ ಕಡ್ಡಿ ತಗೊಂಡು ಮಾಮೂಲಿ ಸಿಲ್ವರ್ ಸಸಿ ಮೇಲೆ ಕಸಿ ಕಟ್ಟು. ಕಸಿ ಗಿಡಾನೂ ಹಂಗೇ ಗಿಡ್ಡಗೆ ಗುಂಡಗೆ ಬಂದ್ರೆ ಅದು ಗುಣ. ಇಲ್ದಿದ್ರೆ ಏನೂ ಇಲ್ಲ. ಅಲ್ಲೀವರೆಗೂ ಊರೆಲ್ಲ ಹೇಳ್ಕೊಂಡ್ ತಿರುಗ್ಬೇಡ.”

ಹೇಳಿಕೊಂಡು ತಿರುಗಲಿಲ್ಲ. ಬೇಲಿ ಕಟ್ಟಿಸಿದೆ. ರಸ್ತೆಯ ಕಡೆ ಮುಖ ಮಾಡಿ ಒಂದು ಸೋಲಾರ್ ಕ್ಯಾಮರಾ ಹಾಕಿಸಿದೆ. ಕಳ್ಳ ಬರುವುದಾದರೆ ರಸ್ತೆಯಿಂದ ತಾನೆ ಬರಬೇಕು. ಹಸು ಹಾದುಹೋದರೂ ಆ ಕ್ಯಾಮರಾ ನನ್ನ ಫೋನಿನಲ್ಲಿ ಕಿರುಚುತ್ತಿತ್ತು. ಹೆಂಡತಿಯ ಕಡೆಯ ಒಂದು ಮದುವೆಯಲ್ಲಿ, ಧಾರೆಯ ಹೊತ್ತಿಗೆ ಸರಿಯಾಗಿ, ನಾನು ಫೋನಿನಲ್ಲಿ ಒಂದು ಎಮ್ಮೆಯ ಹಿಂಭಾಗವನ್ನು ದೊಡ್ಡದು ಮಾಡಿ ನೋಡುತ್ತಿದ್ದದ್ದನ್ನು ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕಂಡು ಕುರ್ಚಿ ಬದಲಾಯಿಸಿದರು.

ಬಂಡೆಯ ಕಡೆಗೆ ಕ್ಯಾಮರಾ ಬೇಕಿರಲಿಲ್ಲ. ಅಲ್ಲಿ ದೊಡ್ಡಮ್ಮ ಇದ್ದಳು.

“ದೊಡ್ಡಮ್ಮ, ಈ ಗಿಡದ ಮೇಲೆ ಒಂದು ಕಣ್ಣಿಟ್ಟಿರು. ಯಾರೂ ಒಂದೆಲೆ ಮುಟ್ಬಾರ್ದು,” ಎಂದೆ.

“ಯಾಕ್ಲಾ, ಇದೇನ್ ಶ್ರೀಗಂಧವಾ?”

“ಅದಕ್ಕಿಂತ ಹೆಚ್ಚು ಅನ್ಕೋ.”

ಅವಳು ಗಿಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಸರಿ ಬಿಡು. ನಾನಿರಾಗಂಟ ಒಂದ್ ನರಪಿಳ್ಳೆ ಮುಟ್ಟಲ್ಲ,” ಎಂದಳು. ಆ ಮಾತನ್ನು ಅವಳು ಎಷ್ಟು ಚೆನ್ನಾಗಿ ಉಳಿಸಿಕೊಂಡಳೆಂದರೆ, ಮೇಕೆ ಮೇಯಿಸುವವರು ಆ ಬದುವಿನ ಕಡೆ ಬರುವುದನ್ನೇ ಬಿಟ್ಟರು. ಒಮ್ಮೆ ನನ್ನನ್ನೇ, ಬಗ್ಗಿ ಕಳೆ ಕೀಳುತ್ತಿದ್ದವನನ್ನು, ಹಿಂದಿನಿಂದ ಗುರುತು ಸಿಗದೆ, “ಯಾವನ್ಲಾ ಅದು?” ಎಂದು ಬೈದಿದ್ದಳು. ಅವತ್ತು ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಕಸಿ ಕಟ್ಟುವ ಕೆಲಸಕ್ಕೆ ಕೂತವರು ನಾನು ಮತ್ತು ನನ್ನ ಭಾಮೈದ. ಹೆಂಡತಿಯ ತಮ್ಮ, ಮೊದಲಿನಿಂದಲೂ ನರ್ಸರಿಯಲ್ಲಿ ಜೊತೆಗಿದ್ದವನು, ಮಾವಿನ ಕಸಿಯಲ್ಲಿ ಕೈ ಪಳಗಿದವನು. ಗಿಡ್ಡ ಮರದಿಂದ ಪೆನ್ಸಿಲ್ ದಪ್ಪದ ಕಡ್ಡಿ ತೆಗೆದು, ತುದಿಯನ್ನು ಎರಡೂ ಕಡೆ ಓರೆಯಾಗಿ ಹೆರೆದು, ಮಾಮೂಲಿ ಸಸಿಯ ತಲೆ ಕತ್ತರಿಸಿ ಸೀಳಿದ ಜಾಗದಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೊಂದು ಐಸ್‌ಕ್ಯಾಂಡಿ ಕವರಿನ ಟೋಪಿ ಹಾಕುವುದು. ಮೊದಲ ಸಲ ಕಟ್ಟಿದ್ದೆಲ್ಲ ಒಣಗಿತು. ಯಾರೋ ಬಿಸಿನೀರು ಸುರಿದಿದ್ದಾರೆ ಎಂದು ನನಗೆ ಅನ್ನಿಸಿತು. ಬಿಸಿಲು ಸುರಿದಿತ್ತು, ಅಷ್ಟೇ. ಎರಡನೆಯ ಸಲ, ಮಳೆ ಹಿಡಿದ ಮೇಲೆ ಕಟ್ಟಿದವು ಚಿಗುರಿದವು. ಮನೆಯ ಹಿಂದೆ ಹಸಿರು ನೆಟ್ ಕಟ್ಟಿ, ಅದಕ್ಕೊಂದು ತಗಡಿನ ಬಾಗಿಲು ಮಾಡಿಸಿ, ಬೀಗ ಹಾಕಿದೆ. ಎಳೆದು ನೋಡಿದೆ.

“ಮಗಳನ್ನ ಹಾಸ್ಟೆಲಿಗೆ ಬಿಡೋವಾಗ್ಲೂ ಹಿಂಗ್ ಮಾಡ್ಲಿಲ್ಲ ನೀವು,” ಎಂದಳು ಹೆಂಡತಿ.

ಆ ಗಿಡಗಳು ಎದ್ದವು. ಮೊಣಕಾಲಿಗೆ ಬಂದವು, ಸೊಂಟಕ್ಕೆ ಬಂದವು. ಒಂದೂ ಗುಂಡಗಾಗಲಿಲ್ಲ. ಒಂದೊಂದೂ ಬಾಣದ ಹಾಗೆ ನೆಟ್ಟಗೆ, ಒಂದೇ ತುದಿ ಹೊತ್ತುಕೊಂಡು, ಬದುವಿನ ಮೇಲಿರುವ ತಮ್ಮ ಅಣ್ಣಂದಿರ ಹಾಗೆಯೇ ಆಕಾಶಕ್ಕೆ ಹೊರಟಿದ್ದವು. ನಾನು ದಿನಾ ಬೆಳಿಗ್ಗೆ ಹೋಗಿ ಅವುಗಳ ಎದುರು ನಿಲ್ಲುತ್ತಿದ್ದೆ. ಇವತ್ತಾದರೂ ನಾಚಿಕೆಯಾಗಿ ಬಾಗಿವೆಯೇನೋ ಎಂದು ನೋಡುತ್ತಿದ್ದೆ.

ಗುಣ ಬರಲಿಲ್ಲ ಎಂದರೆ ಅದು ಗುಣವೇ ಅಲ್ಲ ಎಂದು ಗೆಳೆಯ ಹೇಳಿದ್ದ. ಆದರೆ ಅನುಮಾನದ ಮನುಷ್ಯನಿಗೆ ಮರದ ಮೇಲೆ ಅನುಮಾನ ಬರುವುದಿಲ್ಲ, ಮನುಷ್ಯರ ಮೇಲೆ ಬರುತ್ತದೆ. ಕಡ್ಡಿಯೇ ಬದಲಾಗಿರಬೇಕು. ಕಡ್ಡಿ ಕತ್ತರಿಸಿ ತಂದವನು ಯಾರು? ಭಾಮೈದ. ಅವನು ಇತ್ತೀಚೆಗೆ ಹೊಸ ಬೈಕು ತಗೊಂಡಿದ್ದ. ದೇವನಹಳ್ಳಿಗೆ ಪಾಮ್ ಲೋಡು ಇಳಿಸಲು ಹೋದಾಗೆಲ್ಲ ಆ ಸರ್ ಜೊತೆ ಟೀ ಕುಡಿದು ಬರುತ್ತಿದ್ದ. ನಗುತ್ತಲೂ ಇದ್ದ.

ನೇರವಾಗಿ ಕೇಳುವ ಧೈರ್ಯ ನನಗಿಲ್ಲ. ಸುತ್ತಿ ಬಳಸಿ ಕೇಳಿದೆ.

“ಅವತ್ತು ಕಡ್ಡಿ ತೆಗೆದಿದ್ದು ಯಾವ ಮರದಿಂದ, ಜ್ಞಾಪಕ ಐತಾ?”

“ಬಂಡೆ ಪಕ್ಕದ್ದು. ಅದೊಂದೇ ಅಲ್ವಾ ಭಾವ ಗಿಡ್ಡಗಿರೋದು? ಬೇರೆ ಮರಕ್ಕೆ ಏಣಿ ಬೇಕು.”

“ಅಲ್ಲ, ಅದರ ಪಕ್ಕದ ಮರದ ಕೆಳಗಿನ ಕೊಂಬೆ ಬಗ್ಗಿರತ್ತೆ...”

ಅವನು ಕೈಯಲ್ಲಿದ್ದ ಚಾಕು ಕೆಳಗಿಟ್ಟ. “ಭಾವ, ನೇರ ಕೇಳ್ಬಿಡಿ. ನಾನು ಕದ್ದೆ ಅಂತೀರಾ?”

“ಯಾರಪ್ಪಾ ಹಂಗಂದಿದ್ದು? ಸುಮ್ನೆ ಕೇಳ್ದೆ.”

“ನೀವು ಸುಮ್ನೆ ಕೇಳೋರಲ್ಲ. ಹೋದ್ಸಲ ಅಕ್ಕ ಮಾಡಿದ ಸಾರು ರುಚಿ ಜಾಸ್ತಿ ಐತೆ ಅಂತ, ಯಾರಾದ್ರೂ ಬಂದಿದ್ರಾ ಅಂತ ಕೇಳಿದ್ರಿ.” ನಗುತ್ತಲೇ ಹೇಳಿದ, ಆದರೆ ಕಣ್ಣು ನಗಲಿಲ್ಲ. “ಈ ಸಲ ಕಡ್ಡಿ ನೀವೇ ತೆಗೀರಿ, ನೀವೇ ಕಟ್ಟಿ. ನಾನು ಪಾಮ್ ನೋಡ್ಕೋತೀನಿ.”

ಹಾಗೇ ಮಾಡಿದೆ. ನನ್ನ ಕೈಯಾರೆ ಕಡ್ಡಿ ತೆಗೆದು, ನನ್ನ ಕೈಯಾರೆ ಕಟ್ಟಿದೆ. ಅವೂ ಬಾಣವಾದವು. ಆಗ ನನ್ನ ಮೇಲೆ ನನಗೇ ಸ್ವಲ್ಪ ಅನುಮಾನ ಬಂತು.

ಮರುವರ್ಷದ ಮಳೆಗಾಲದಲ್ಲಿ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಂದಗುಡಿಯಲ್ಲಿರುವ ಮಗಳ ಮನೆಗೆ ಹೋದಳು. ಕಣ್ಣು ಸರಿಹೋಗುವ ಹೊತ್ತಿಗೆ ಮೊಮ್ಮಗಳ ಹೆರಿಗೆಯಾಯಿತು, ಬಾಣಂತನ ಮುಗಿಸಿಯೇ ಬರುತ್ತೇನೆ ಎಂದು ಹೇಳಿ ಕಳಿಸಿದಳು. ಹೊರಡುವ ದಿನ ಬಂಡೆಯ ಹತ್ತಿರ ನಿಂತು, “ನಾನಿಲ್ದಾಗ ಗಿಡದ ಕಡೆ ನೋಡ್ಕೋ ಕಣಪ್ಪಾ,” ಎಂದಿದ್ದಳು. ಎಷ್ಟು ನಿಯತ್ತು ಎಂದುಕೊಂಡೆ.

ಮಳೆ ಚೆನ್ನಾಗಿಯೇ ಆಯಿತು. ಬಂಡೆಯ ಮೇಲೆ ಪಾಚಿ ಬೆಳೆಯಿತು. ಒಂದು ದಿನ ಬೆಳಿಗ್ಗೆ ಬದುವಿನ ಮೇಲೆ ಹೋದರೆ, ನನ್ನ ಬೆಳ್ಳಿ ಕೊಡೆಯ ನಡುನೆತ್ತಿಯಿಂದ ಒಂದು ಈಟಿ ಎದ್ದಿತ್ತು. ನೆಟ್ಟಗಿನ, ಎಳೆಯ, ಸೊಕ್ಕಿದ ತುದಿ. ಅದರ ಆಜುಬಾಜಿನಲ್ಲಿ ಇನ್ನೂ ಮೂರ್ನಾಲ್ಕು ಈಟಿಗಳು. ವಾರ ಕಳೆಯುವುದರೊಳಗೆ ಕೊಡೆ ಹೋಗಿ ಪೊರಕೆಯಾಯಿತು.

ದೀಪಾವಳಿ ಕಳೆದ ಮೇಲೆ ಆ ಸರ್ ತಮ್ಮ ವಿಲ್ಲಾದವರನ್ನು ಕರೆದುಕೊಂಡು ಮರ ನೋಡಲು ಬರುವವರಿದ್ದರು. ಮರಕ್ಕೆ ಯಾರೋ ಏನೋ ಹಾಕಿದ್ದಾರೆ! ಬುಡ ಕೆದಕಿ ಮಣ್ಣಿನ ವಾಸನೆ ನೋಡಿದೆ. ಮಣ್ಣಿನ ವಾಸನೆಯೇ ಬರುತ್ತಿತ್ತು. ಅದೂ ಅನುಮಾನಕ್ಕೆ ಕಾರಣವಾಯಿತು. ಲೆಕ್ಕ ಹಾಕಿದೆ. ಆತ ಮೊದಲ ದಿನವೇ ಕಡ್ಡಿ ಒಯ್ದಿದ್ದಾರೆ. ಅವರ ಕಸಿ ಗೆದ್ದಿದೆ. ಈಗ ನನ್ನ ಮರ ಕೆಟ್ಟರೆ ಗಿಡ್ಡ ಓಕ್ ಅವರದೊಂದೇ. ಎಲ್ಲ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ನನಗೆ ಒಂದು ರೀತಿಯ ಸಂತೋಷವೇ ಆಯಿತು. ಫೋನ್ ಮಾಡಿದೆ.

“ಸರ್, ನಮ್ಮ ಬದುವಿನ ಕಡೆ ಏನಾದ್ರೂ ಬಂದಿದ್ರಾ?”

“ಇಲ್ವಲ್ಲ ಬಾಸ್. ಯಾಕೆ?”

“ಏನಿಲ್ಲ. ಮರದ ಬುಡಕ್ಕೆ ಯಾರೋ ಗೊಬ್ಬರ ಹಾಕಿದ ಹಂಗಿತ್ತು. ನೀವೇನಾದ್ರೂ ಪ್ರೀತಿಯಿಂದ...”

“ಬಾಸ್, ನಾನು ನನ್ ಹೆಂಡ್ತಿ ತುಳಸಿಗೇ ನೀರ್ ಹಾಕಲ್ಲ. ನಿಮ್ ಮರಕ್ಕೆ ಹೊಸಕೋಟೆ ದಾಟ್ಕೊಂಡ್ ಬಂದು ಗೊಬ್ಬರ ಹಾಕ್ತೀನಾ? ಏನ್ ವಿಷ್ಯ, ಬಿಡಿಸಿ ಹೇಳಿ.”

ಬಿಡಿಸಿ ಹೇಳಲಿಲ್ಲ. ನೆಟ್‌ವರ್ಕ್ ಇಲ್ಲ ಎಂದು ಇಟ್ಟೆ.

ದೊಡ್ಡಮ್ಮ ವಾಪಸ್ಸು ಬಂದದ್ದು ಅದರ ಮುಂದಿನ ವಾರ. ಮಗನ ಹಾಲಿನ ಗಾಡಿಯಲ್ಲಿ, ಕ್ಯಾನುಗಳ ನಡುವೆ, ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಇಳಿದಳು. ನಾನು ಬೇಲಿಯ ಹತ್ತಿರ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಅವಳು ಮನೆಯೊಳಗೂ ಹೋಗಲಿಲ್ಲ. ಬಂಡೆಯ ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ, ಮರ ನೋಡಿದಳು.

“ಅಯ್ಯೋ ಶಿವನೇ! ಬೆನ್ನು ತಿರುಗ್ಸಿದ್ದೇ ತಡ, ಹೆಂಗ್ ಎದ್ದೈತೆ ನೋಡು! ನೋಡ್ಕೋ ಅಂತ ಹೇಳಿ ಹೋಗಿರ್ಲಿಲ್ವೇನ್ಲಾ?”

ನನಗೆ ಅಳು ಬರುವುದೊಂದೇ ಬಾಕಿ. ಕೊನೆಗೂ ನನ್ನ ಸಂಕಟ ಅರ್ಥವಾಗುವ ಒಂದು ಜೀವ ಬಂತು ಎಂದುಕೊಂಡೆ. ಅವಳು ಮನೆಯ ಮಾಡಿನಿಂದ ದೋಟಿ ಎಳೆದುಕೊಂಡು ಬಂದಳು. ಕಾಗೆಗೆ ಎಂದುಕೊಂಡೆ. ಬಂಡೆಯ ಮೇಲೆ ಹತ್ತಿದಳು, ತುದಿಗೆ ಬಂದು ನಿಂತಳು, ದೋಟಿಯ ಕೊಕ್ಕೆಯನ್ನು ಆ ನಡುನೆತ್ತಿಯ ಈಟಿಗೆ ಸಿಕ್ಕಿಸಿ ಬಗ್ಗಿಸಿಕೊಂಡು, ಎಳೆಯ ತುದಿಯನ್ನು ಹೂವು ಕಿತ್ತ ಹಾಗೆ ಉಗುರಲ್ಲಿ ಚಿವುಟಿ ಆಚೆ ಎಸೆದಳು. ಆಮೇಲೆ ಎರಡನೆಯದು. ನನ್ನ ಬಾಯಿಂದ ಮಾತು ಹೊರಡುವಷ್ಟರಲ್ಲಿ ಮೂರನೆಯದೂ ಹೋಗಿತ್ತು.

“ದೊಡ್ಡಮ್ಮ! ಏನ್ ಮಾಡ್ತಿದೀಯ?”

“ಇನ್ನೇನ್ ಮಾಡ್ಲಿ? ಹಿಂಗೇ ಬಿಟ್ರೆ ಮಧ್ಯಾಹ್ನ ತಿರುಗ್ತಿದ್ದಂಗೆ ನೆಳ್ಳು ಬಂಡೆ ಮೇಲೇ ಬೀಳತ್ತೆ. ನನ್ ಸಂಡಿಗೆ ಎಲ್ಲಿ ಒಣಗ್ಬೇಕು, ನಿನ್ ತಲೆ ಮೇಲಾ?”

“ಯಾವಾಗಿಂದ ಹಿಂಗ್ ಮಾಡ್ತಿದೀಯ?”

“ನೀನು ನೆಟ್ಟಾಗಿಂದ್ಲೂ. ಮೊದಮೊದ್ಲು ಬಗ್ಗಿ ಚಿವುಟ್ತಿದ್ದೆ. ಈಗ ಬಂಡೆ ಹತ್ಬೇಕು. ಅದಕ್ಕೇ ಮಂಡಿ ನೋವು.” ಮಂಡಿ ನೋವಿಗೂ ನಾನೇ ಕಾರಣ ಎಂಬಂತೆ ನೋಡಿದಳು.

ಮರದ ಹತ್ತಿರ ಹೋಗಿ ನೋಡಿದೆ. ಒಂದೊಂದು ರೆಂಬೆಯ ತುದಿಯಲ್ಲೂ ಇದ್ದ ಆ ನಾಲ್ಕೈದು ಕವಲುಗಳು ಈಗ ಬೇರೆಯೇ ಆಗಿ ಕಂಡವು. ಚಿವುಟಿದಲ್ಲೆಲ್ಲ ಕವಲೊಡೆದಿತ್ತು, ಒಂದೊಂದು ಗೊಂಚಲೂ ಒಂದೊಂದು ಚಿವುಟು. ನಾನು ಗುಣ ಎಂದುಕೊಂಡದ್ದು ಸಂಡಿಗೆ, ಹುಣಸೆಹಣ್ಣು, ಅವರೆಕಾಳು.

“ಯಾರೂ ಮುಟ್ಬಾರ್ದು ಅಂತ ನಿಂಗೇ ತಾನೆ ಹೇಳಿದ್ದು ನಾನು?”

“ಹೂಂ, ಯಾರ್ಗೂ ಬಿಟ್ಟಿಲ್ವಲ್ಲ. ಮೇಕೆಯೋರ್ಗೂ ಬಿಟ್ಟಿಲ್ಲ. ನನ್ನನ್ನೂ ಯಾರೋ ಅಂತ ಲೆಕ್ಕಕ್ಕೆ ತಗೊಂಡ್ಯಾ?”

“ನೆರಳು ಬೀಳತ್ತೆ, ಕತ್ತರಿಸು ಅಂತ ನಂಗೆ ಒಂದ್ ಮಾತು ಹೇಳ್ಬೋದಿತ್ತಲ್ಲ.”

ದೋಟಿಯನ್ನು ಬಂಡೆಗೆ ಒರಗಿಸಿ ಅವಳು ಕೂತಳು. “ಹೇಳಿದ್ರೆ ನೀನೇನ್ ಅನ್ಕೊತಿದ್ದೆ ಅಂತ ನಂಗೊತ್ತಿಲ್ವಾ? ದೊಡ್ಡಮ್ಮ ಬಂಡೆ ಪೂರ್ತಿ ಹೊಡ್ಕೊಳಕ್ಕೆ ಹೊಂಚ್ ಹಾಕವ್ಳೆ ಅಂತಿದ್ದೆ. ಸರ್ವೇಯವ್ರನ್ನ ಕರ್ಸ್‌ತಿದ್ದೆ. ನಿಮ್ಮಪ್ಪಂದೂ ಇದೇ ಬುದ್ಧಿ. ಅದಕ್ಕೇ ಬಾಯಿ ಬಿಡ್ದೆ ನನ್ ಕೆಲ್ಸ ನಾನ್ ಮಾಡ್ಕೊಂಡೆ.”

ಕರೆಸುತ್ತಿದ್ದೆನೇ? ಕರೆಸುತ್ತಿದ್ದೆ ಅನ್ನಿಸುತ್ತದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಆಮೇಲೆ ಅದೂ ಸಾಲದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು. ಭಾಮೈದ ನಗಲಿಲ್ಲ. ಪಾಮ್ ಗಿಡಕ್ಕೆ ನೀರು ಬಿಡುತ್ತಿದ್ದವನು ಪೈಪು ಹಿಡಿದುಕೊಂಡೇ ಕೇಳಿಸಿಕೊಂಡು, “ಹಂಗಾದ್ರೆ ಬೈಕ್ ನನ್ ದುಡ್ಡಿಂದೇ ಅಂತ ಆಯ್ತಾ ಭಾವ?” ಎಂದ. ಬೈಕಿನ ವಿಷಯವನ್ನು ನಾನು ಬಾಯಿಬಿಟ್ಟು ಹೇಳಿರಲೇ ಇಲ್ಲ. ಅವನ ಅಕ್ಕ ಹೇಳಿರಬೇಕು. ಅವಳಿಗೆ ಹೇಳಿದವರು ಯಾರು? ಅದನ್ನು ವಿಚಾರಿಸುವುದು ಬೇಡ ಎಂದು ಸುಮ್ಮನಾದೆ. ನನಗೆ ಅದು ಸಣ್ಣ ಸಾಧನೆಯಲ್ಲ.

ಉಳಿದದ್ದು ಆ ಸರ್. ಏನೂ ಹೇಳದೆ ಇರುವ ದಾರಿಯೂ ಒಂದಿತ್ತು. ದೊಡ್ಡಮ್ಮ ಚಿವುಟುತ್ತಾಳೆ, ಹಬ್ಬದ ಹೊತ್ತಿಗೆ ಮರ ಮತ್ತೆ ಕೊಡೆಯಾಗುತ್ತದೆ, ವಿಲ್ಲಾದವರು ಬಂದು ಒಪ್ಪುತ್ತಾರೆ, ಕಸಿ ಗಿಡಗಳ ತಲೆಯನ್ನೂ ಚಿವುಟಿ ಚಿವುಟಿ ಗುಂಡಗೆ ಮಾಡಿ ಕೊಡಬಹುದು. ಮೂರು ವರ್ಷದ ಮೇಲೆ ಅವರ ಗೇಟಿನ ಪಕ್ಕ ಎಲ್ಲವೂ ಬಾಣವಾಗುವಾಗ ನಾನು ಫೋನ್ ಎತ್ತದಿದ್ದರಾಯಿತು. ಇದನ್ನೆಲ್ಲ ಯೋಚಿಸಿದೆ. ಆದರೆ ಫೋನ್ ಎತ್ತದೆ ಇರುವುದು ನನ್ನ ಕೈಲಾಗದ ಕೆಲಸ. ಒಂದು ಮಿಸ್ಡ್ ಕಾಲ್ ಇದ್ದರೆ ನನಗೆ ಊಟ ಸೇರುವುದಿಲ್ಲ. ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ತಳಿಯಿಲ್ಲ, ಗುಣವಿಲ್ಲ, ನಮ್ಮ ದೊಡ್ಡಮ್ಮ ಸಂಡಿಗೆಗೆ ಬಿಸಿಲು ಬೇಕೆಂದು ತುದಿ ಚಿವುಟುತ್ತಿದ್ದಳು, ಅಷ್ಟೇ ಸರ್.

ಅವರು ಪೂರ್ತಿ ಕೇಳಿಸಿಕೊಂಡರು.

“ಬಾಸ್,” ಎಂದರು ಕೊನೆಗೆ, ಬಹಳ ಮೆಲ್ಲಗೆ. “ಯಾರಿಗೆ ಕೊಟ್ರಿ?”

“ಏನು ಸರ್?”

“ನಾನು ಈ ಫೀಲ್ಡಲ್ಲಿ ಎಷ್ಟು ವರ್ಷದಿಂದ ಇದೀನಿ. ಹೋದ ವಾರ ಗೊಬ್ಬರ ಅಂದ್ರಿ, ನೆಟ್‌ವರ್ಕ್ ಇಲ್ಲ ಅಂದ್ರಿ. ಈಗ ಸಂಡಿಗೆ ಅಂತೀರಿ. ಬೇರೆ ಪಾರ್ಟಿ ಜೊತೆ ಮಾತಾಗಿದ್ರೆ ನೇರ ಹೇಳಿ, ನಂಗೆ ಬೇಜಾರಿಲ್ಲ. ಆದ್ರೆ ಸಂಡಿಗೆ ಕಥೆ ಬೇಡ.”

“ಸರ್, ದೇವರಾಣೆಗೂ ನಿಜ. ಬೇಕಾದ್ರೆ ಬಂದು ದೊಡ್ಡಮ್ಮನ್ನ ಕೇಳಿ.”

“ದೊಡ್ಡಮ್ಮನ್ನೂ ಹೇಳ್ಕೊಟ್ಟು ರೆಡಿ ಮಾಡಿದೀರಾ?”

ಆ ದನಿ ನನಗೆ ಚೆನ್ನಾಗಿ ಗೊತ್ತು. ನನ್ನದೇ ದನಿ. ಅದಕ್ಕೆ ಉತ್ತರವಿಲ್ಲ ಎಂಬುದು ಬೇರೆಯವರಿಗಿಂತ ನನಗೆ ಹೆಚ್ಚು ಗೊತ್ತು. ಎಷ್ಟು ಆಣೆ ಹಾಕಿದರೆ ಅಷ್ಟು ಅನುಮಾನ ಗಟ್ಟಿಯಾಗುತ್ತದೆ. ಆಯ್ತು ಸರ್ ಎಂದು ಇಟ್ಟೆ.

ನೆಟ್ಟಿನ ಬಾಗಿಲಿನ ಬೀಗ ತೆಗೆದು, ಬಾಣಗಳನ್ನೆಲ್ಲ ಹೊರಗಿಟ್ಟೆ. ಮಾಮೂಲಿ ಸಿಲ್ವರ್ ಎಂದು, ಬದುವಿಗೆ ಹಾಕಲು ಕೇಳಿದ ರೈತರಿಗೆ ಕೊಟ್ಟೆ. ಕಸಿ ಕಟ್ಟಿದ ಗಂಟು ನೋಡಿ ಒಬ್ಬ, “ಇದೇನಣ್ಣಾ, ಮುರಿದಿದ್ದನ್ನ ಅಂಟಿಸಿ ಕೊಡ್ತಿದೀಯಾ?” ಎಂದು ಕೇಳಿ, ಬೇರೆ ಸಸಿ ಆರಿಸಿಕೊಂಡು ಹೋದ.

ಕ್ಯಾಮರಾ ತೆಗೆಸಿಲ್ಲ. ಹೋದ ತಿಂಗಳು ಹೊಸಕೋಟೆಯಲ್ಲಿದ್ದಾಗ ಫೋನು ಕಿರುಚಿತು. ಎಮ್ಮೆಯಲ್ಲ, ಗುರುತಿನ ಕಾರು. ಸರ್ ಇಳಿದು, ಅತ್ತಿತ್ತ ನೋಡಿ, ಬೇಲಿಯುದ್ದಕ್ಕೂ ನಡೆದು, ಬಂಡೆಯ ಕಡೆಗೆ ಮರೆಯಾದರು. ಕ್ಯಾಮರಾ ಆ ಕಡೆ ನೋಡುವುದಿಲ್ಲ. ನಾನು ಮನೆಗೆ ಬರುವ ಹೊತ್ತಿಗೆ ಕಾರು ಹೋಗಿತ್ತು. ದೊಡ್ಡಮ್ಮ ಬಂಡೆಯ ಮೇಲೆ, ಮೆಣಸಿನಕಾಯಿಯ ನಡುವೆ, ದೋಟಿ ಹಿಡಿದು ಕೂತಿದ್ದಳು. ಮರ ಮತ್ತೆ ಕೊಡೆಯಾಗುತ್ತಿತ್ತು.

“ಯಾವನೋ ಕಾರ್ನೋನು ಬಂದಿದ್ದ,” ಎಂದಳು. “ನೀವು ನಿಜವಾಗ್ಲೂ ಚಿವುಟ್ತೀರಾ ಅಮ್ಮಾ ಅಂತ ಕೇಳ್ದ.”

“ನೀನೇನಂದೆ?”

“ನಂಗೇನ್ ತಲೆ ಕೆಟ್ಟೈತಾ, ಯಾವನೋ ಬಂದು ಕೇಳಿದ್ರೆ ಮನೆ ವಿಷ್ಯ ಹೇಳಕ್ಕೆ? ನಾನ್ಯಾಕಪ್ಪಾ ಚಿವುಟ್ಲಿ, ಆ ಗಿಡ ಹುಟ್ದಾಗಿಂದ ಇರೋದೇ ಹಂಗೆ ಅಂದೆ.” ಗಾಳಿ ಬಂತು, ಕೊಡೆ ಬೆಳ್ಳಗಾಯಿತು. “ಒಂದೆಲೆ ಮುಟ್ಟಕ್ ಬಿಡ್ಲಿಲ್ಲ ಕಣಪ್ಪಾ. ನೀನು ಧೈರ್ಯವಾಗಿರು.”